ಚಂದ್ರಂಕಿಗೆ ಅಂಟಿಸುವ ತೇವಾಂಶದ ಪಟ್ಟಿ: ಶೇಕಡಾ 80 ದಾಟಿದರೆ ಸುಳ್ಳು ಹೇಳುತ್ತಿದೆ, ಏಕೆ?

ಹಿಪ್ಪುನೇರಳೆ_ತೋಟ (ಶಿಡ್ಲಘಟ್ಟ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಎರಡು ಎಕರೆ ಹಿಪ್ಪುನೇರಳೆ ಇದೆ, ಮನೆಯಲ್ಲಿ ಅಪ್ಪ ಅಮ್ಮ ರೇಷ್ಮೆ ಹುಳು ಸಾಕುತ್ತಾರೆ. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಊರಲ್ಲೇ ಇದ್ದೇನೆ.

ಹೋದ ಬೆಳೆಯಲ್ಲಿ ಹುಳು ಹಣ್ಣಾಗಿ (ಗೂಡು ಕಟ್ಟಲು ಸಿದ್ಧವಾಗಿ) ಚಂದ್ರಂಕಿಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಹಾಕಿದ ದಿನದಿಂದ ಮೂರು ದಿನ ಜಡಿಮಳೆ. ಗೂಡು ನೋಡಲು ಚೆನ್ನಾಗಿಯೇ ಇತ್ತು. ಮಾರುಕಟ್ಟೆಯಲ್ಲಿ ಮಾತ್ರ ಬೆಲೆ ಏಳಲಿಲ್ಲ, ಎಳೆ ತುಂಡಾಗುತ್ತದೆ ಎಂದರು. ಗೂಡು ಕಟ್ಟುವಾಗ ತೇವಾಂಶ ಶೇಕಡಾ 60ರಿಂದ 70ರೊಳಗೆ ಇರಬೇಕು ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಹುಳು ಮನೆಯಲ್ಲಿ ಎಷ್ಟಿತ್ತು? ಬಾಗಿಲ ಬಳಿ ನೇತುಹಾಕಿದ ತೇವಾಂಶದ ಮೀಟರ್ ಒಂದು ಹೇಳುತ್ತದೆ, ಒಳಗಿನ ಮೂಲೆಯ ಚಂದ್ರಂಕಿ ಬೇರೆಯದನ್ನೇ ಹೇಳುತ್ತದೆ. ಹಣ್ಣು ಹುಳು ಗೂಡು ಕಟ್ಟುವ ಮೊದಲು ಮೂತ್ರ ಬಿಡುತ್ತದಲ್ಲ, ಆ ತೇವವೆಲ್ಲ ಅಲ್ಲೇ ನಿಲ್ಲುತ್ತದೆ.

ಪೇಟೆಯಿಂದ ಪುಟ್ಟ ತೇವಾಂಶದ ಮಾಡ್ಯೂಲ್ ಒಂದನ್ನು ತಂದು ಚಂದ್ರಂಕಿಯ ನಡುವೆ ಕಟ್ಟಿದೆ. ಮರುದಿನ ಬೆಳಿಗ್ಗೆ ನೋಡಿದರೆ ಅದರ ಮೇಲೆಯೇ ಒಂದು ಹುಳು ಗೂಡು ಕಟ್ಟಿಕೊಂಡಿತ್ತು. ತೂತುಗಳೆಲ್ಲ ರೇಷ್ಮೆಯಿಂದ ಮುಚ್ಚಿಹೋಗಿ ಅಂಕಿ 95ರಲ್ಲೇ ನಿಂತಿತ್ತು.

ಆಗ ತೆಳ್ಳಗಿನ, ಬಾಗುವ ಪಟ್ಟಿಯನ್ನು ನಾನೇ ಏಕೆ ಅಚ್ಚು ಹಾಕಬಾರದು ಎನಿಸಿತು. ಹಾರ್ಡ್‌ವೇರ್ ಅಂಗಡಿಯ ಗ್ರಾಫೈಟ್ ಪುಡಿ, ಸೀಮೆಎಣ್ಣೆ ದೀಪದ ಮಸಿ, ಬಡಗಿಗಳ ಬಿಳಿ ಗೋಂದು ಸೇರಿಸಿ ಇಂಕ್ ಮಾಡಿದೆ. ದಪ್ಪ ಡ್ರಾಯಿಂಗ್ ಕಾಗದದ ಮೇಲೆ ಎರಡು ಬಾಚಣಿಗೆಗಳು ಎದುರುಬದುರಾಗಿ ಹಲ್ಲು ಕೂಡಿಸಿದಂತೆ ಸ್ಕ್ರೀನ್ ಪ್ರಿಂಟ್ ಹಾಕಿದೆ. ಒಂದರ ಹಲ್ಲು ಇನ್ನೊಂದಕ್ಕೆ ತಾಗುವುದಿಲ್ಲ, ನಡುವೆ ಒಂದು ಮಿಲಿಮೀಟರ್ ಕಾಗದ. ಕಾಗದ ತೇವ ಹೀರಿದಂತೆ ಎರಡರ ನಡುವಿನ ರೋಧ (ಕರೆಂಟಿಗೆ ಒಡ್ಡುವ ತಡೆ) ಇಳಿಯುತ್ತದೆ. ಒಂದು ಪಟ್ಟಿಗೆ ಎರಡು ರೂಪಾಯಿಯೂ ಬೀಳಲಿಲ್ಲ.

ತೊಂದರೆ ಇಷ್ಟು. ತೇವಾಂಶ 80 ದಾಟಿದ ಮೇಲೆ ಅಂಕಿ ಅಲುಗುವುದೇ ಇಲ್ಲ. ಮೀಟರ್ ಹಿಡಿದುಕೊಂಡೇ ಇದ್ದರೆ ರೋಧ ತಾನಾಗಿ ಏರುತ್ತಾ ಹೋಗುತ್ತದೆ. ಒಂದೇ ಹಾಳೆಯಲ್ಲಿ ಅಚ್ಚಾದ ನಾಲ್ಕು ಪಟ್ಟಿಗಳು ನಾಲ್ಕು ಮಾತು ಹೇಳುತ್ತವೆ. ಎಲ್ಲಿ ತಪ್ಪಿದ್ದೇನೆ?

ಟೊಮೆಟೊ_ಕೋಲಾರ

ಕಿಟಕಿ ತೆರೆಯಿರಿ ಸ್ವಾಮಿ. ತೇವಾಂಶ ಇಳಿಯುತ್ತದೆ, ಇಂಕೂ ಉಳಿಯುತ್ತದೆ.

ಚಾಕಿ_ಹಳೆಯತಲೆ (ಶಿಡ್ಲಘಟ್ಟ)

ಕಿಟಕಿ ತೆರೆಯುವುದು ಗೊತ್ತು, ಯಾವಾಗ ತೆರೆಯಬೇಕೆಂಬುದೇ ಪ್ರಶ್ನೆ. ಮಳೆ ಹೊಯ್ಯುವಾಗ ತೆರೆದರೆ ಒಳಗಿಗಿಂತ ಹೊರಗೇ ತೇವ ಹೆಚ್ಚು. ಚಾಕಿ (ಎಳೆಯ) ಹುಳುವಿಗೆ 27 ಡಿಗ್ರಿ, ತೇವಾಂಶ 85ರ ಮೇಲೆ ಇರಬೇಕು. ನಾಲ್ಕನೇ ಜ್ವರ (ಪೊರೆ ಬಿಡುವುದು) ಎದ್ದ ಮೇಲೆ 24 ಡಿಗ್ರಿ, 70 ಸಾಕು. ತಂಪು ಮತ್ತು ತೇವ ಎರಡೂ ಸೇರಿದರೆ ಸುಣ್ಣಕಟ್ಟು ರೋಗ ಬರುತ್ತದೆ. ಟೊಮೆಟೊಗೆ ಬೆಲೆ ಬಿದ್ದರೆ ರಸ್ತೆಗೆ ಸುರಿಯುತ್ತೀರಿ, ನಾವು ಹುಳುವನ್ನು ಎಲ್ಲಿ ಸುರಿಯೋಣ?

ಟೊಮೆಟೊ_ಕೋಲಾರ

ಗಾಯದ ಮೇಲೆ ಉಪ್ಪು ಹಾಕಬೇಡಿ ಯಜಮಾನರೇ.

ಅಚ್ಚುಮನೆ (ಚಿಕ್ಕಬಳ್ಳಾಪುರ)

ನಾನು ಇಪ್ಪತ್ತೆರಡು ವರ್ಷದಿಂದ ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದೇನೆ. ವಿದ್ಯುತ್ತಿನ ವಿಷಯ ಗೊತ್ತಿಲ್ಲ, ಸ್ಕ್ರೀನ್ ವಿಷಯ ಗೊತ್ತು. ನಾಲ್ಕು ಪಟ್ಟಿ ನಾಲ್ಕು ಥರ ಬಂದಿದ್ದರೆ ಇಂಕ್ ಒಂದೇ ದಪ್ಪ ಕೂತಿಲ್ಲ ಎಂದರ್ಥ. ಸ್ಕ್ವೀಜಿಯನ್ನು (ಫ್ರೇಮಿನ ಬಟ್ಟೆಯ ಮೇಲೆ ಇಂಕ್ ಎಳೆಯುವ ರಬ್ಬರ್ ಅಲಗನ್ನು) ಎಷ್ಟು ಓರೆ ಹಿಡಿದಿರಿ? ಕೊನೆಗೆ ಬರುತ್ತಾ ಕೈ ಸಡಿಲವಾಯಿತೇ? ಫ್ರೇಮಿಗೂ ಕಾಗದಕ್ಕೂ ನಡುವೆ ಎರಡು ಮೂರು ಮಿಲಿಮೀಟರ್ ಎತ್ತರ ಬಿಟ್ಟಿದ್ದಿರೇ? ಮೆಶ್ ಸಂಖ್ಯೆ, ಅಂದರೆ ಬಟ್ಟೆಯ ನೇಯ್ಗೆಯ ಒತ್ತು, ಎಷ್ಟು?

ಗ್ರಾಫೈಟ್ ಪುಡಿ ದಪ್ಪಗಿದ್ದರೆ ಬಟ್ಟೆಯ ಕಣ್ಣಿಗೆ ಸಿಕ್ಕಿಕೊಳ್ಳುತ್ತದೆ. ಪುಡಿಯ ಕಣ ಬಟ್ಟೆಯ ಕಣ್ಣಿನ ಮೂರನೇ ಒಂದು ಭಾಗಕ್ಕಿಂತ ಸಣ್ಣದಿರಬೇಕು, ಇದು ನಮ್ಮ ಕಸುಬಿನ ಲೆಕ್ಕ. ಮೊದಲ ಅಚ್ಚು ಕಪ್ಪಗೆ, ನಾಲ್ಕನೆಯದು ಬೂದಿ ಬಣ್ಣಕ್ಕೆ ತಿರುಗಿದ್ದರೆ ಕಣ್ಣು ಕಟ್ಟಿದೆ ಎಂದು ತಿಳಿಯಿರಿ.

ಹಿಪ್ಪುನೇರಳೆ_ತೋಟ

ಅಣ್ಣ, ನಾಲ್ಕನೆಯದು ನಿಜಕ್ಕೂ ಬೂದಿ ಬಣ್ಣ! ಮೆಶ್ 120. ಪುಡಿಯನ್ನು ಮಿಕ್ಸಿಯಲ್ಲಿ ಇನ್ನೊಮ್ಮೆ ಅರೆದಿದ್ದೆ. ಆ ಜಾರು ಈಗ ಹುಳು ಮನೆಯಲ್ಲಿದೆ, ಅಡುಗೆಮನೆಗೆ ಪ್ರವೇಶವಿಲ್ಲ.

ಓಮನ_ಲೆಕ್ಕ (ತುಮಕೂರು)

ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುತ್ತೇನೆ, ಸ್ವಲ್ಪ ಉದ್ದ ಬರೆದರೆ ಕ್ಷಮಿಸಿ.

ಮೊದಲು ಇಂಕನ್ನು ಅಳೆಯಿರಿ, ಆಮೇಲೆ ತೇವವನ್ನು ಅಳೆಯುವಿರಂತೆ. ಅಚ್ಚು ಹಾಕಿದ ಪದರದ ರೋಧವನ್ನು ಚೌಕಕ್ಕೆ ಇಷ್ಟು ಓಮ್ ಎಂದು ಲೆಕ್ಕ ಹಾಕುತ್ತಾರೆ. ಗೆರೆಯ ಅಗಲದಷ್ಟೇ ಉದ್ದದ ಒಂದು ತುಂಡು ಒಂದು ಚೌಕ. ಎರಡು ಮಿಲಿಮೀಟರ್ ಅಗಲ, ಹತ್ತು ಸೆಂಟಿಮೀಟರ್ ಉದ್ದದ ಗೆರೆ ಎಂದರೆ ಐವತ್ತು ಚೌಕ. ಆ ಗೆರೆ 40 ಕಿಲೋಓಮ್ ತೋರಿಸಿದರೆ ನಿಮ್ಮ ಇಂಕ್ ಚೌಕಕ್ಕೆ 800 ಓಮ್. ಚೌಕ ದೊಡ್ಡದಿರಲಿ ಚಿಕ್ಕದಿರಲಿ, ಪದರದ ದಪ್ಪ ಒಂದೇ ಆಗಿದ್ದರೆ ಅಂಕಿ ಒಂದೇ. ಅಚ್ಚುಮನೆಯವರು ಕಣ್ಣಿನಲ್ಲಿ ಕಂಡ ಬೂದಿ ಬಣ್ಣವನ್ನು ಇದು ಅಂಕಿಯಲ್ಲಿ ತೋರಿಸುತ್ತದೆ, ಅಷ್ಟೇ. ಪೇಟೆಯ ಒಳ್ಳೆಯ ಕಾರ್ಬನ್ ಪೇಸ್ಟ್ ಚೌಕಕ್ಕೆ ಕೆಲವು ಹತ್ತು ಓಮ್‌ಗೆ ಇಳಿಯುತ್ತದೆ. ಬೆಳ್ಳಿ ಪೇಸ್ಟ್‌ನದು ಒಂದು ಓಮ್‌ನ ಸಣ್ಣ ಪಾಲು.

ಇನ್ನು ಮೀಟರ್ ಹಿಡಿದಿದ್ದರೆ ರೋಧ ಏರುವುದು. ತೇವದ ಕಾಗದದಲ್ಲಿ ಕರೆಂಟು ಹೊರುವುದು ಅಯಾನುಗಳು (ವಿದ್ಯುದಾವೇಶವಿರುವ ಕಣಗಳು). ಒಂದೇ ದಿಕ್ಕಿನ ಕರೆಂಟು ಕೊಟ್ಟರೆ ಅವೆಲ್ಲ ಹೋಗಿ ಎರಡು ತುದಿಗಳಲ್ಲಿ ಗುಂಪುಗೂಡುತ್ತವೆ, ನಡುವೆ ಓಡಾಡುವವರೇ ಇಲ್ಲವಾಗುತ್ತಾರೆ. ನೀವು ಆಗ ಅಳೆಯುತ್ತಿರುವುದು ಮೀಟರಿನ ಹಟವನ್ನು. ಮೈಕ್ರೊಕಂಟ್ರೋಲರ್ ಎಂಬ ಪುಟ್ಟ ಗಣಕ ಚಿಪ್‌ನ ಎರಡು ಪಿನ್‌ಗಳ ನಡುವೆ ಪಟ್ಟಿಯನ್ನೂ ಅದರ ಜೊತೆಗೊಂದು ಸಾಮಾನ್ಯ ರೆಸಿಸ್ಟರನ್ನೂ ಸಾಲಾಗಿ ಕಟ್ಟಿ, ಕ್ಷಣಕ್ಷಣಕ್ಕೂ ಪಿನ್‌ಗಳನ್ನು ಅದಲುಬದಲು ಮಾಡಿ ಓದಿರಿ. ಓದಿದ ಮೇಲೆ ಎರಡೂ ಪಿನ್‌ಗಳನ್ನು ಸೊನ್ನೆಗೆ ತನ್ನಿ.

80ರ ಮೇಲೆ ಅಂಕಿ ನಿಲ್ಲುವುದರ ಬಗ್ಗೆ ನನಗೊಂದು ಅನುಮಾನವಿದೆ, ನಾಳೆ ಬರೆಯುತ್ತೇನೆ.

ಗ್ರಾಫೀನ್_ಪ್ರಿಯ

ಗ್ರಾಫೈಟ್ ಹಳೆಯ ಕಾಲದ್ದು. ಗ್ರಾಫೀನ್ ಬಳಸಿ, ಒಂದೇ ಅಣುವಿನಷ್ಟು ತೆಳ್ಳಗಿನ ಕಾರ್ಬನ್ ಪದರ ಅದು. 2010ರ ನೊಬೆಲ್ ಅದಕ್ಕೇ ಬಂದದ್ದು.

ಪೀಣ್ಯದ_ಹಳಬ (ಗೌರಿಬಿದನೂರು)

ನೊಬೆಲ್ ಬಂದ ವಸ್ತುವಿಗೆ ಹುಳು ಮನೆಯಲ್ಲಿ ಕೆಲಸವಿದೆಯೇ ಎಂದು ನೋಡಬೇಕು ತಮ್ಮ. ಡಬ್ಬಿಯ ಮೇಲೆ ಗ್ರಾಫೀನ್ ಎಂದು ಬರೆದು ನಯವಾದ ಗ್ರಾಫೈಟ್ ಮಾರುವವರನ್ನೂ ಕಂಡಿದ್ದೇನೆ.

ಗ್ರಾಫೀನ್_ಪ್ರಿಯ

ಕೊಂಡು ತರಬೇಕಿಲ್ಲ ಸರ್. ಪಾಲಿಇಮೈಡ್ ಎಂಬ ಹಳದಿ ಪ್ಲಾಸ್ಟಿಕ್ ಹಾಳೆಯ ಮೇಲೆ ಕಾರ್ಬನ್ ಡೈಆಕ್ಸೈಡ್ ಲೇಸರ್ ಓಡಿಸಿದರೆ ಸುಟ್ಟ ಗೆರೆಯೇ ನೊರೆಯಂಥ ಗ್ರಾಫೀನ್ ಆಗುತ್ತದೆ. ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು 2014ರಲ್ಲಿ ತೋರಿಸಿದರು. ಅಕ್ರಿಲಿಕ್ ನಾಮಫಲಕ ಕತ್ತರಿಸುವ ಅಂಗಡಿಗಳಲ್ಲಿ ಅಂಥದ್ದೇ ಲೇಸರ್ ಇರುತ್ತದೆ.

ಪೀಣ್ಯದ_ಹಳಬ

ಇದು ಒಳ್ಳೆಯ ಮಾತು, ಒಪ್ಪುತ್ತೇನೆ. ಆದರೆ ಆ ಹಳದಿ ಹಾಳೆ ಕಾಗದದಷ್ಟು ಅಗ್ಗವಲ್ಲ. ಎರಡು ರೂಪಾಯಿಯ ಪಟ್ಟಿ ಎಂದಲ್ಲವೇ ಇವರು ಹೊರಟಿರುವುದು.

ಓಮನ_ಲೆಕ್ಕ

ನಿನ್ನೆಯ ಅನುಮಾನ. ಹಿಪ್ಪುನೇರಳೆಯವರೇ, ನಿಮ್ಮ ಇಂಕೇ ಇನ್ನೊಂದು ತೇವಾಂಶದ ಸೆನ್ಸರ್ ಆಗಿದೆ!

ಗೋಂದಿನೊಳಗೆ ಕಾರ್ಬನ್ ಕಣಗಳು ಒಂದಕ್ಕೊಂದು ತಾಗಿ ನಿಂತರೆ ಮಾತ್ರ ಕರೆಂಟು ಹರಿಯುತ್ತದೆ. ಹುಲ್ಲಿನ ಬಣವೆಗೆ ಬೆಂಕಿ ಬಿದ್ದಾಗ ಬಾವಿಯಿಂದ ಬಣವೆಯವರೆಗೆ ಸಾಲಾಗಿ ನಿಂತು ಬಿಂದಿಗೆ ದಾಟಿಸುತ್ತಾರಲ್ಲ, ಹಾಗೆ. ಸಾಲಿನ ನಡುವೆ ಇಬ್ಬರು ಹಿಂದೆ ಸರಿದರೆ ನೀರು ಅಲ್ಲೇ ನಿಲ್ಲುತ್ತದೆ. ಬಿಳಿ ಗೋಂದು ತೇವಕ್ಕೆ ಉಬ್ಬುತ್ತದೆ. ಉಬ್ಬಿದರೆ ಕಣಗಳು ದೂರ ಸರಿಯುತ್ತವೆ, ಗೆರೆಯ ರೋಧ ಏರುತ್ತದೆ. ಇತ್ತ ಹಲ್ಲುಗಳ ನಡುವಿನ ಕಾಗದದ ರೋಧ ಇಳಿಯುತ್ತಿರುತ್ತದೆ. ಒಣ ಹವೆಯಲ್ಲಿ ಕಾಗದದ ರೋಧ ಎಷ್ಟೋ ಪಟ್ಟು ದೊಡ್ಡದು, ಆದ್ದರಿಂದ ಇಂಕಿನ ಆಟ ಕಾಣುವುದಿಲ್ಲ. ತೇವ ಹೆಚ್ಚಾದಾಗ ಕಾಗದದ್ದು ಇಳಿದು ಇಂಕಿನದರ ಹತ್ತಿರ ಬರುತ್ತದೆ. ಒಂದು ಏರುತ್ತದೆ, ಒಂದು ಇಳಿಯುತ್ತದೆ, ಅಂಕಿ ನಿಲ್ಲುತ್ತದೆ.

ಪರೀಕ್ಷೆ ಸುಲಭ. ಬಾಚಣಿಗೆ ಬೇಡ, ಬರೀ ಒಂದು ನೇರ ಗೆರೆ ಅಚ್ಚು ಹಾಕಿ ಕುದಿಯುವ ನೀರಿನ ಆವಿಯ ಸಮೀಪ ಹಿಡಿಯಿರಿ. ಅಂಕಿ ಬದಲಾಗಬಾರದು. ಬದಲಾದರೆ ಕಳ್ಳ ಸಿಕ್ಕಿದ.

ಟೊಮೆಟೊ_ಕೋಲಾರ

ಮೇಷ್ಟ್ರೇ, ಬಣವೆ ಉದಾಹರಣೆ ಚೆನ್ನಾಗಿತ್ತು. ನನಗೆ ಹೈಸ್ಕೂಲಿನಲ್ಲಿ ನೀವು ಸಿಗಬೇಕಿತ್ತು.

ಆದರೂ ನನ್ನ ಪ್ರಶ್ನೆ ಹಾಗೆಯೇ ಇದೆ. ಒಂದೆರಡು ನೂರು ರೂಪಾಯಿಗೆ ಮಾಡ್ಯೂಲ್ ಸಿಗುತ್ತದೆ. ಸುತ್ತ ಸೊಳ್ಳೆಪರದೆಯ ಬಟ್ಟೆ ಕಟ್ಟಿದರೆ ಹುಳು ಗೂಡು ಕಟ್ಟುವುದಿಲ್ಲ. ಮಿಕ್ಸಿ ಜಾರು ಹಾಳು, ಹದಿನೈದು ದಿನ ಹಾಳು, ಆ ಕೂಲಿ ಸೇರಿಸಿದರೆ ಎರಡು ರೂಪಾಯಿಯ ಪಟ್ಟಿ ಎಷ್ಟಾಯಿತು?

ಚಾಕಿ_ಹಳೆಯತಲೆ

ಇದಕ್ಕೆ ನಾನು ಉತ್ತರ ಹೇಳುತ್ತೇನೆ. ಮೊದಲು ನಾನೂ ನಿಮ್ಮಂತೆಯೇ ಯೋಚಿಸಿದೆ. ಆದರೆ ಒಂದು ಬೆಳೆ ಇಳಿದ ಮೇಲೆ ಹುಳು ಮನೆಯಲ್ಲಿ ಏನು ಮಾಡುತ್ತೇವೆ? ಚಂದ್ರಂಕಿಗೆ ಅಂಟಿದ ಜುಂಗು (ಬಿಡಿ ರೇಷ್ಮೆ ಎಳೆ) ಸುಡುತ್ತೇವೆ, ನೆಲ ಗೋಡೆ ತಟ್ಟೆ ಎಲ್ಲವನ್ನೂ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ತೊಳೆಯುತ್ತೇವೆ. ಹಾಲುತೊಂಡೆ ರೋಗ ಬಂದ ಬೆಳೆಯಾದರೆ ಎರಡು ಸಲ. ಆ ಮಾಡ್ಯೂಲನ್ನು ಬ್ಲೀಚಿಂಗ್ ನೀರಿನಲ್ಲಿ ಅದ್ದುತ್ತೀರಾ? ಒರೆಸಿ ಇಟ್ಟರೆ ಆ ತೂತುಗಳ ಒಳಗಿನ ರೋಗ ಮುಂದಿನ ಬೆಳೆಗೆ ಸೀದಾ ಬರುತ್ತದೆ. ಎರಡು ರೂಪಾಯಿಯ ಕಾಗದವನ್ನಾದರೆ ಜುಂಗಿನ ಜೊತೆ ಬೆಂಕಿಗೆ ಹಾಕಬಹುದು. ಇದಕ್ಕೆ ಈ ಹುಡುಗನ ಬೆನ್ನು ತಟ್ಟಬೇಕು.

ಟೊಮೆಟೊ_ಕೋಲಾರ

ಸರಿ. ಈ ಮಾತಿಗೆ ನನ್ನಲ್ಲಿ ಎದುರುತ್ತರವಿಲ್ಲ.

ಹಿಪ್ಪುನೇರಳೆ_ತೋಟ

ನಿಜ ಹೇಳಬೇಕೆಂದರೆ ಸುಡುವ ವಿಷಯ ನನಗೆ ಹೊಳೆದಿರಲೇ ಇಲ್ಲ. ಇನ್ನು ನನ್ನ ಐಡಿಯಾ ಎಂದೇ ಹೇಳಿಕೊಳ್ಳುತ್ತೇನೆ.

ಮೇಷ್ಟ್ರು ಹೇಳಿದ ನೇರ ಗೆರೆಯ ಪರೀಕ್ಷೆ ಮಾಡಿದೆ. ಅನ್ನದ ಪಾತ್ರೆಯಿಂದ ಒಂದು ಮೊಳ ದೂರ ಹಿಡಿದೆ. 40 ಕಿಲೋಓಮ್ ಇದ್ದದ್ದು ಐದು ನಿಮಿಷಕ್ಕೆ 72! ಫ್ಯಾನ್ ಕೆಳಗೆ ಇಟ್ಟರೆ 51ರವರೆಗೆ ಬಂದು ನಿಂತಿತು, ಮತ್ತೆ 40ಕ್ಕೆ ಮರಳಲೇ ಇಲ್ಲ. ಕಳ್ಳ ಸಿಕ್ಕಿದ, ಈಗ ಏನು ಮಾಡಲಿ?

ಅಚ್ಚುಮನೆ

ಗೋಂದು ಬಿಡಿ. ನಮ್ಮಲ್ಲಿ ಪ್ಲಾಸ್ಟಿಕ್ ಸ್ಟಿಕ್ಕರಿಗೆ ಹಾಕುವ ಪಿವಿಸಿ ಇಂಕಿಗೆ ಬಣ್ಣವಿಲ್ಲದ ಬೇಸ್ ಸಿಗುತ್ತದೆ. ಅದಕ್ಕೆ ಪುಡಿ ಕಲಸಿ ರೆಡ್ಯೂಸರ್ (ಇಂಕ್ ತೆಳುಗೊಳಿಸುವ ದ್ರವ) ಸ್ವಲ್ಪ ಹಾಕಿ ಎಳೆಯಿರಿ. ನೀರಿಗೆ ಜಗ್ಗುವುದಿಲ್ಲ. ನಾನು ಬಸ್ಸಿನ ಹಿಂದೆ ಅಂಟಿಸಿದ ಸ್ಟಿಕ್ಕರ್‌ಗಳು ಮೂರು ಮಳೆಗಾಲ ಕಂಡಿವೆ.

ಪ್ರಯೋಗಾಲಯದಾಕೆ (ಚಿಂತಾಮಣಿ)

ಸುಡುವುದೇ ಉದ್ದೇಶವಾದರೆ ಪಿವಿಸಿ ಬೇಡ ಅಣ್ಣ. ಅದರ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿರುತ್ತದೆ. ಒಂದು ಪಟ್ಟಿಯಲ್ಲಿ ಎಷ್ಟಿದ್ದೀತು ಎನ್ನಬೇಡಿ, ಸುಡುವವರು ಅಲ್ಲೇ ನಿಂತು ಉಸಿರಾಡುತ್ತಾರೆ.

ಬಡಗಿಗಳು ಸ್ಪಿರಿಟ್‌ನಲ್ಲಿ ಕರಗಿಸಿ ಪಾಲಿಶ್ ಹೊಡೆಯುವ ಅರಗು ಪ್ರಯತ್ನಿಸಿ. ನೀರಿನಲ್ಲಿ ಕರಗುವುದಿಲ್ಲ, ಸುಟ್ಟರೂ ಪಿವಿಸಿಯಂತೆ ಆಮ್ಲದ ಹೊಗೆ ಬರುವುದಿಲ್ಲ. ಅರಗಿಗೆ ಕಾರ್ಬನ್ ಬೆರೆಸಿ ಇಂಕ್ ಮಾಡುವ ಪ್ರಯೋಗಗಳೂ ನಡೆದಿವೆ.

ಟೊಮೆಟೊ_ಕೋಲಾರ

ಅರಗು ಕೊಡುವುದು ಒಂದು ಹುಳು, ರೇಷ್ಮೆ ಕೊಡುವುದು ಇನ್ನೊಂದು. ಒಂದು ಹುಳುವಿನ ಮೇಲೆ ಇನ್ನೊಂದನ್ನು ಕಾವಲು ಇಟ್ಟಂತಾಯಿತು.

ಅಚ್ಚುಮನೆ

ಮೇಡಂ, ಹೊಗೆಯ ಮಾತು ಒಪ್ಪಿದೆ. ಆದರೆ ಸ್ಪಿರಿಟ್ ಇಂಕನ್ನು ಸ್ಕ್ರೀನಿಗೆ ಹಾಕಿದರೆ ಎರಡನೇ ಎಳೆತಕ್ಕೆ ಬಟ್ಟೆಯಲ್ಲೇ ಒಣಗಿ ಕೂರುತ್ತದೆ. ಫ್ರೇಮ್ ಹಾಳಾಗುವುದು ನನ್ನದು.

ಪ್ರಯೋಗಾಲಯದಾಕೆ

ಹಾಗಾದರೆ ಫ್ರೇಮ್ ಬೇಡ. ಓಎಚ್‌ಪಿ ಹಾಳೆಯಲ್ಲಿ (ಪಾರದರ್ಶಕ ಪ್ಲಾಸ್ಟಿಕ್) ಬಾಚಣಿಗೆ ಆಕಾರ ಕತ್ತರಿಸಿ, ಅಚ್ಚಿನ ಹಾಗೆ ಇಟ್ಟು ಬ್ರಷ್‌ನಲ್ಲಿ ತೀಡಿದರೆ ಆಗದೇ? ರಂಗೋಲಿ ಅಚ್ಚಿನಂತೆ.

ಅಚ್ಚುಮನೆ

ಆಗುತ್ತದೆ, ದಪ್ಪ ಮಾತ್ರ ದೇವರಿಗೇ ಪ್ರೀತಿ. ಅಂದ ಹಾಗೆ ಒಂದು ವಿಷಯ. ಈ ಕಸುಬಿಗೆ ಸಿಲ್ಕ್ ಸ್ಕ್ರೀನ್ ಎಂಬ ಹೆಸರು ಬಂದದ್ದು ಮೊದಲು ಫ್ರೇಮಿಗೆ ರೇಷ್ಮೆ ಬಟ್ಟೆಯನ್ನೇ ಬಿಗಿಯುತ್ತಿದ್ದ ಕಾರಣಕ್ಕೆ. ಈಗ ಎಲ್ಲ ಪಾಲಿಯೆಸ್ಟರ್. ಶಿಡ್ಲಘಟ್ಟದ ಪಕ್ಕದಲ್ಲೇ ಕೂತು ಪಾಲಿಯೆಸ್ಟರ್ ಬಿಗಿಯುತ್ತಿದ್ದೇನೆ.

ಪೀಣ್ಯದ_ಹಳಬ

ಒಂದು ಕಾಲದಲ್ಲಿ ನಾನು ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಮೆಂಬ್ರೇನ್ ಕೀಪ್ಯಾಡ್ ಮಾಡುತ್ತಿದ್ದೆ. ಮೈಕ್ರೊವೇವ್ ಒಲೆಯ ಮೇಲೆ ಒತ್ತುವ ಚಪ್ಪಟೆ ಬಟನ್‌ಗಳಿರುತ್ತವಲ್ಲ, ಅವು. ಪಾಲಿಯೆಸ್ಟರ್ ಹಾಳೆಗೆ ಬೆಳ್ಳಿ ಪೇಸ್ಟನ್ನು ಇದೇ ಸ್ಕ್ವೀಜಿಯಲ್ಲಿ ಎಳೆದು 120 ಡಿಗ್ರಿಯ ಓವನ್‌ನಲ್ಲಿ ಒಣಗಿಸುತ್ತಿದ್ದೆವು. ಶಾಖ ಅದಕ್ಕಿಂತ ಬಹಳ ಏರಿದರೆ ಹಾಳೆ ಹಪ್ಪಳದಂತೆ ಸುರುಳಿಗಟ್ಟುತ್ತಿತ್ತು. ಇವತ್ತು ಜನ ಬಾಗುವ ಎಲೆಕ್ಟ್ರಾನಿಕ್ಸ್ ಎಂದು ಬೆರಗಾಗುವುದನ್ನು ನೋಡಿದರೆ ನಗು ಬರುತ್ತದೆ. ಅದು ನಮಗೆ ದಿನಗೂಲಿಯ ಕೆಲಸ.

ಒಂದು ಪಾಠ ಹೇಳುತ್ತೇನೆ. ಕನೆಕ್ಟರಿಗೆ ಸಿಕ್ಕಿಸುವ ತುದಿಯಲ್ಲಿ ಬೆಳ್ಳಿಯನ್ನು ಬತ್ತಲೆ ಬಿಡುತ್ತಿರಲಿಲ್ಲ. ಅದರ ಮೇಲೆ ಕಾರ್ಬನ್ ಇಂಕಿನ ಇನ್ನೊಂದು ಪದರ ಎಳೆಯುತ್ತಿದ್ದೆವು. ತೇವ ಮತ್ತು ಕರೆಂಟು ಎರಡೂ ಸೇರಿದರೆ ಬೆಳ್ಳಿ ಒಂದು ಗೆರೆಯಿಂದ ಪಕ್ಕದ ಗೆರೆಗೆ ಬೇರು ಬಿಟ್ಟಂತೆ ಬೆಳೆಯುತ್ತದೆ, ಕಡೆಗೆ ಎರಡೂ ಕೂಡಿಕೊಳ್ಳುತ್ತವೆ. ನೀವು ಮಾಡಬೇಕಾದ್ದು ಹೀಗೆ: ಉದ್ದದ ಗೆರೆಗಳಿಗೆ ಬೆಳ್ಳಿ, ಮೇಲೆ ಕಾರ್ಬನ್ ಹೊದಿಕೆ, ಬಾಚಣಿಗೆಗೆ ಕಾರ್ಬನ್. ಅರ್ಧ ಡಬ್ಬಿ ಪೇಸ್ಟ್ ಉಳಿದಿದೆಯೇ ನೋಡುತ್ತೇನೆ.

ಚಾಕಿ_ಹಳೆಯತಲೆ

ಬೆಳ್ಳಿ ಬೇಡ. ನಮ್ಮ ಮನೆಯವಳ ಕಾಲುಂಗುರ ಬ್ಲೀಚಿಂಗ್ ಮಾಡಿದ ದಿನ ಮಂಕಾಗುತ್ತದೆ. ನಿಮ್ಮ ಗೆರೆಯೂ ಹಾಗೆಯೇ.

ಓಮನ_ಲೆಕ್ಕ

ಯಜಮಾನರು ಹೇಳಿದ್ದು ರಸಾಯನಶಾಸ್ತ್ರ. ಕ್ಲೋರಿನ್ ತಾಗಿದರೆ ಬೆಳ್ಳಿ ಸಿಲ್ವರ್ ಕ್ಲೋರೈಡ್ ಆಗುತ್ತದೆ, ಅದು ಕರೆಂಟು ಒಯ್ಯುವುದಿಲ್ಲ. ಕಾರ್ಬನ್‌ಗೆ ಆ ಭಯ ಕಡಿಮೆ. ಮೇಲಾಗಿ ಇಲ್ಲಿ ಬೆಳ್ಳಿಯ ಅಗತ್ಯವೇ ಇಲ್ಲ. ಕಾಗದದ ರೋಧ ಲಕ್ಷಗಟ್ಟಲೆ ಓಮ್ ಇರುವಾಗ ಗೆರೆಯಲ್ಲಿ ಐದು ಸಾವಿರ ಉಳಿಸಿ ಏನು ಬಂತು?

ಪೀಣ್ಯದ_ಹಳಬ

ಒಪ್ಪಿದೆ. ಬೆಳ್ಳಿಯ ಈಗಿನ ದರದಲ್ಲಿ ಕೊಡದೆ ಉಳಿದದ್ದೇ ನನಗೂ ಒಳ್ಳೆಯದಾಯಿತು.

ಗ್ರಾಫೀನ್_ಪ್ರಿಯ

ಲಗ್ನಪತ್ರಿಕೆಯ ಚಿನ್ನದ ಅಕ್ಷರಗಳಲ್ಲಿ ಕರೆಂಟು ಹರಿಯುತ್ತದೆಯೇ? ಹರಿದರೆ ಎಷ್ಟು ಅಗ್ಗ!

ಅಚ್ಚುಮನೆ

ಆ ಚಿನ್ನ ಹಿತ್ತಾಳೆಯ ಪುಡಿ, ಚಿನ್ನವಲ್ಲ. ಈ ಚರ್ಚೆ ಓದಿ ಮೀಟರ್ ತಂದು ಗಣಪತಿಯ ಸೊಂಡಿಲಿನ ಎರಡು ತುದಿಗೆ ಹಿಡಿದೆ, ಏನೂ ಇಲ್ಲ.

ಓಮನ_ಲೆಕ್ಕ

ಪ್ರತಿ ಕಣದ ಸುತ್ತ ವಾರ್ನಿಷ್ ಮತ್ತು ತುಕ್ಕಿನ ಪೊರೆ ಇರುತ್ತದೆ, ಬಿಂದಿಗೆ ದಾಟಿಸುವವರೆಲ್ಲ ಕೈಕಟ್ಟಿ ನಿಂತಂತೆ. ಬಿಸಿ ಅಚ್ಚಿನಲ್ಲಿ ಒತ್ತುವ ಹೊಳಪಿನ ಹಾಳೆ ಬೇರೆ, ಅದರಲ್ಲಿ ನಿಜವಾದ ಅಲ್ಯೂಮಿನಿಯಂ ಪದರವಿದೆ. ಆದರೆ ಮೇಲೆ ಹಳದಿ ಮೆರುಗೆಣ್ಣೆ ಇರುವುದರಿಂದ ಮೀಟರಿನ ಮೊನೆ ಒಳಗೆ ತಾಗುವುದಿಲ್ಲ.

ರೀಲರ್_ಶಿಡ್ಲಘಟ್ಟ

ನಡುವೆ ಬಾಯಿ ಹಾಕುತ್ತಿದ್ದೇನೆ, ಗೂಡು ಕೊಂಡು ನೂಲು ಬಿಚ್ಚುವವನು ನಾನು. ಗೂಡಿಗೆ ಬೆಲೆ ಏಳಲಿಲ್ಲ ಎಂದು ನಮ್ಮನ್ನು ಬೈಯಬೇಡಿ. ಒದ್ದೆಯಲ್ಲಿ ಕಟ್ಟಿದ ಗೂಡಿನ ಅಂಟು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಬಿಸಿನೀರಿಗೆ ಹಾಕಿದರೂ ಎಳೆ ಸಲೀಸಾಗಿ ಬಿಚ್ಚುವುದಿಲ್ಲ, ಮತ್ತೆ ಮತ್ತೆ ಕಡಿಯುತ್ತದೆ. ಕಡಿದಷ್ಟೂ ಸಲ ಹೊಸ ತುದಿ ಹುಡುಕಬೇಕು. ಮೊದಲ ಎರಡು ಮೂರು ದಿನ ಗಾಳಿಯಾಡಿದ ಗೂಡನ್ನು ನಾವು ಕೈಯಲ್ಲಿ ಹಿಡಿದ ಕೂಡಲೇ ಗುರುತಿಸುತ್ತೇವೆ. ನಿಮ್ಮ ಪಟ್ಟಿಯ ಅಂಕಿಯನ್ನು ಬರೆದಿಟ್ಟು ಗೂಡಿನ ಜೊತೆ ತನ್ನಿ, ನಮ್ಮ ಕೈಗೂ ಅದಕ್ಕೂ ತಾಳೆಯಾಗುತ್ತದೆಯೇ ನೋಡೋಣ.

ಚಾಕಿ_ಹಳೆಯತಲೆ

ಅಂಕಿ ತಂದರೆ ಬೆಲೆ ಏರಿಸುತ್ತೀರಾ?

ರೀಲರ್_ಶಿಡ್ಲಘಟ್ಟ

ಹರಾಜಿನಲ್ಲಿ ಏರಿಸುವವನು ನಾನೊಬ್ಬನೇ ಅಲ್ಲ ಯಜಮಾನರೇ.

ಪ್ರಯೋಗಾಲಯದಾಕೆ

ನಾಲ್ಕು ಪಟ್ಟಿಗಳು ನಾಲ್ಕು ಮಾತು ಹೇಳುವುದಕ್ಕೆ ಬೇಸರ ಬೇಡ. ದಿನವೂ ನಾನು ಬಳಸುವ ಸಕ್ಕರೆ ಪರೀಕ್ಷೆಯ ಪಟ್ಟಿಯೂ ಸ್ಕ್ರೀನ್ ಪ್ರಿಂಟೇ. ಒಂದನ್ನು ಬಿಡಿಸಿ ನೋಡಿದರೆ ಪ್ಲಾಸ್ಟಿಕ್ ಮೇಲೆ ಕಪ್ಪು ಕಾರ್ಬನ್ ಗೆರೆಗಳು ಕಾಣುತ್ತವೆ. ಹಳೆಯ ಗ್ಲೂಕೋಮೀಟರ್‌ಗಳಲ್ಲಿ ಹೊಸ ಡಬ್ಬಿ ಒಡೆದಾಗಲೆಲ್ಲ ಅದರ ಮೇಲಿನ ಕೋಡ್ ಸಂಖ್ಯೆಯನ್ನು ಒತ್ತಬೇಕಿತ್ತು, ನೆನಪಿದೆಯೇ? ಒಂದು ಸಲದ ಅಚ್ಚು ಇನ್ನೊಂದು ಸಲದಂತೆ ಇರುವುದಿಲ್ಲ ಎಂದು ಅವರೂ ಒಪ್ಪಿಕೊಂಡಿದ್ದರ ಗುರುತು ಅದು. ನೀವೂ ಪ್ರತಿ ಹಾಳೆಗೆ ಒಂದು ಕೋಡ್ ಕೊಡಿ.

ಕೋಡ್ ಹುಡುಕಲು ಯಂತ್ರ ಬೇಕಿಲ್ಲ, ಉಪ್ಪು ಸಾಕು. ಗಾಳಿಯಾಡದ ಡಬ್ಬಿಯ ತಳದಲ್ಲಿ ಉಪ್ಪಿಗೆ ಸ್ವಲ್ಪವೇ ನೀರು ಹಾಕಿ ಒದ್ದೆ ಮರಳಿನ ಹದಕ್ಕೆ ತನ್ನಿ. ಉಪ್ಪು ಪೂರ್ತಿ ಕರಗಬಾರದು, ಹರಳು ಕಾಣುತ್ತಿರಬೇಕು. ಅದರ ಮೇಲಿನ ಗಾಳಿಯ ತೇವಾಂಶ 25 ಡಿಗ್ರಿಯಲ್ಲಿ ಶೇಕಡಾ 75ಕ್ಕೆ ಬಂದು ನಿಲ್ಲುತ್ತದೆ. ಮೆಗ್ನೀಸಿಯಂ ಕ್ಲೋರೈಡ್ ಹಾಕಿದರೆ 33. ಪಟ್ಟಿಯನ್ನು ಉಪ್ಪಿಗೆ ತಾಗದಂತೆ ನೇತುಹಾಕಿ, ಮುಚ್ಚಳ ಬಿಗಿದು, ರಾತ್ರಿಯಿಡೀ ಬಿಡಿ.

ಹಿಪ್ಪುನೇರಳೆ_ತೋಟ

75! ದೊಡ್ಡ ಹುಳುವಿಗೆ ಬೇಕಾದ ತೇವಾಂಶದ ಹತ್ತಿರ ಹತ್ತಿರವೇ ಉಪ್ಪಿನ ಡಬ್ಬಿಯೊಳಗಿದೆ ಎಂದಾಯಿತು. ಮೇಲಿನ ತುದಿಗೆ, 85ರ ಆಸುಪಾಸಿಗೆ ಏನಾದರೂ ಇದೆಯೇ ಅಕ್ಕ? ಚಾಕಿಗೆ ಅದೇ ಬೇಕು.

ಟೊಮೆಟೊ_ಕೋಲಾರ

ಇದಕ್ಕೆ ನಾನೂ ಉಪಯೋಗಕ್ಕೆ ಬರುತ್ತೇನೆ. ಪೊಟ್ಯಾಸಿಯಂ ಕ್ಲೋರೈಡ್ ಹಾಕಿದರೆ 84 ಎಂದು ಓದಿದೆ. ನಮ್ಮ ಪೊಟ್ಯಾಷ್ ಗೊಬ್ಬರವೇ ಅದು. ಮೂಟೆಗಟ್ಟಲೆ ಇದೆ, ಬಂದು ಒಯ್ಯಿರಿ.

ಪ್ರಯೋಗಾಲಯದಾಕೆ

ಅಂಕಿ ಸರಿ, ಗೊಬ್ಬರ ಬೇಡ. ಅದರಲ್ಲಿ ಸಾಮಾನ್ಯ ಉಪ್ಪೂ ಬೆರೆತಿರುತ್ತದೆ. ಎರಡು ಉಪ್ಪು ಕೂಡಿದರೆ ಅಂಕಿ ಕೆಳಗಿಳಿಯುತ್ತದೆ, ಎಷ್ಟು ಇಳಿಯಿತೆಂದು ಬೆರಕೆಯ ಪ್ರಮಾಣ ತಿಳಿಯದೆ ಹೇಳಲಾಗದು. ಲ್ಯಾಬಿನ ಶುದ್ಧ ಪುಡಿಯೇ ಬೇಕು. ಮೇಷ್ಟ್ರ ಕಾಲೇಜಿನಲ್ಲಿ ಐವತ್ತು ಗ್ರಾಂ ಸಿಗದೇ ಇರುತ್ತದೆಯೇ?

ಓಮನ_ಲೆಕ್ಕ

ಸಿಗುತ್ತದೆ. ರಸಾಯನಶಾಸ್ತ್ರ ವಿಭಾಗದವರಿಗೆ ಒಂದು ಕಾಫಿ ಕುಡಿಸಬೇಕು, ಅಷ್ಟೇ.

ಹಿಪ್ಪುನೇರಳೆ_ತೋಟ

ಎಂಟು ದಿನ ಬಿಟ್ಟು ಬಂದೆ. ಮೂರು ಬಗೆಯ ಇಂಕಿನ ನೇರ ಗೆರೆಗಳನ್ನು ಆವಿಗೆ ಹಿಡಿದೆ. ಬಿಳಿ ಗೋಂದಿನದು ಮೊದಲಿನಂತೆ 40ರಿಂದ 72. ಅಚ್ಚುಮನೆ ಅಣ್ಣನ ಪಿವಿಸಿ ಬೇಸ್‌ನದು 36ರಿಂದ 37, ಅಲುಗಲೇ ಇಲ್ಲ. ಅರಗಿನದು 38ರಿಂದ 43, ಫ್ಯಾನ್ ಕೆಳಗೆ 39ಕ್ಕೆ ಮರಳಿತು. ಸುಡುವ ಯೋಚನೆಯಿಂದ ಅರಗನ್ನೇ ಆರಿಸಿದೆ, ಓಎಚ್‌ಪಿ ಹಾಳೆಯ ಅಚ್ಚಿನಲ್ಲಿ ತೀಡುತ್ತಿದ್ದೇನೆ. ದಪ್ಪ ಹೆಚ್ಚುಕಡಿಮೆ ಬರುತ್ತಿದೆ, ಆದರೆ ಉಪ್ಪಿನ ಡಬ್ಬಿಯಿಂದ ಪ್ರತಿ ಪಟ್ಟಿಗೂ ಕೋಡ್ ಬರೆಯುತ್ತಿರುವುದರಿಂದ ನಡೆಯುತ್ತದೆ.

ಪಿನ್ ಅದಲುಬದಲು ಮಾಡಿ ಓದಿದ ಮೇಲೆ ಅಂಕಿ ತಾನಾಗಿ ಏರುವುದು ನಿಂತಿದೆ. ಮೇಷ್ಟ್ರು ಕಳಿಸಿದ ಪೊಟ್ಯಾಸಿಯಂ ಡಬ್ಬಿಯಲ್ಲೂ ಉಪ್ಪಿನ ಡಬ್ಬಿಯಲ್ಲೂ ಒಂದೇ ಪಟ್ಟಿಗೆ ಎರಡು ಬೇರೆ ಅಂಕಿ ಬಂತು. ಅಂದರೆ 80ರ ಗೋಡೆ ಒಡೆದಿದೆ.

ಹೊಸ ತೊಂದರೆ: ತಂತಿ. ಕಾರ್ಬನ್ ಗೆರೆಗೆ ಬೆಸುಗೆ ಹಿಡಿಯುವುದಿಲ್ಲ. ಮೊಸಳೆ ಕ್ಲಿಪ್ ಹಾಕಿದರೆ ಇಂಕ್ ಕೆರೆದು ಬರುತ್ತದೆ.

ಪೀಣ್ಯದ_ಹಳಬ

ಟಿಚ್ ಬಟನ್! ದರ್ಜಿಗಳು ರವಿಕೆಗೆ ಹಾಕುತ್ತಾರಲ್ಲ, ಅದೇ. ಒತ್ತಿ ಕೂರಿಸುವ ಬಗೆಯದ್ದು ತನ್ನಿ. ಗೆರೆಯ ತುದಿಯನ್ನು ಬಟನ್‌ಗಿಂತ ದೊಡ್ಡ ಚುಕ್ಕೆಯಾಗಿ ತೀಡಿ, ಹಿಂದೆ ಇನ್ನೊಂದು ಕಾಗದದ ತುಂಡು ಕೊಟ್ಟು ಬಟನ್ ಒತ್ತಿರಿ. ತಂತಿಯನ್ನು ಇನ್ನರ್ಧ ಬಟನ್‌ಗೆ ಮೊದಲೇ ಬೆಸೆದಿಡಿ. ಬೆಳೆ ಮುಗಿದ ಮೇಲೆ ಟಕ್ ಎಂದು ಬಿಚ್ಚಿ, ಕಾಗದ ಬೆಂಕಿಗೆ, ತಂತಿ ಬ್ಲೀಚಿಂಗ್ ನೀರಿಗೆ.

ಚಾಕಿ_ಹಳೆಯತಲೆ

ತಂತಿ ಬ್ಲೀಚಿಂಗ್ ನೀರಿಗೆ ಹೋದರೆ ಬಟನ್ ತುಕ್ಕು ಹಿಡಿಯುವುದಿಲ್ಲವೇ?

ಪೀಣ್ಯದ_ಹಳಬ

ಹಿಡಿಯುತ್ತದೆ. ಒರೆಸಿ ಇಟ್ಟರೆ ಎರಡು ಮೂರು ಬೆಳೆಗೆ ಬರಬಹುದು. ಹಿತ್ತಾಳೆಯದ್ದೇ ಕೇಳಿ ತನ್ನಿ.

ಓಮನ_ಲೆಕ್ಕ

ಒಂದು ಎಚ್ಚರಿಕೆ. ಕಾಗದ ತೇವ ಹೀರುವಷ್ಟು ಬೇಗ ಬಿಡುವುದಿಲ್ಲ. 85ರಿಂದ ಇಳಿಯುತ್ತಾ ಬರುವ 70ಕ್ಕೂ, 50ರಿಂದ ಏರುತ್ತಾ ಬರುವ 70ಕ್ಕೂ ಅಂಕಿ ಬೇರೆ ಇರುತ್ತದೆ. ಮಾಡ್ಯೂಲಿನಷ್ಟು ಕರಾರುವಾಕ್ಕು ಎಂದು ನಂಬಬೇಡಿ. ಬಾಗಿಲ ಬಳಿಯದಕ್ಕಿಂತ ಮೂಲೆಯ ಚಂದ್ರಂಕಿ ಹೆಚ್ಚು ತೇವವಾಗಿದೆಯೇ ಎಂಬುದಕ್ಕೆ ಇದು ಸಾಕು. ಹುಳುವಿನ ಮೂತ್ರ ನೇರವಾಗಿ ಬಿದ್ದ ಪಟ್ಟಿಯ ಮಾತನ್ನಂತೂ ಕೇಳಲೇಬೇಡಿ, ಅದರಲ್ಲಿ ಲವಣಗಳಿರುತ್ತವೆ. ಅಂಥ ಪಟ್ಟಿ ಒಣಗಿದ ಮೇಲೂ ಒದ್ದೆ ಎಂದೇ ಹೇಳುತ್ತದೆ.

ಹಿಪ್ಪುನೇರಳೆ_ತೋಟ

ಹೌದು ಮೇಷ್ಟ್ರೇ, ಆರು ಪಟ್ಟಿಯಲ್ಲಿ ಒಂದರ ಕಥೆ ಹಾಗೆಯೇ ಆಯಿತು. ಈಗ ಚಂದ್ರಂಕಿಯ ಹಿಂಬದಿಗೆ, ಇಂಕಿನ ಮುಖ ಹೊರಗೆ ಬರುವಂತೆ ಅಂಟಿಸಿದ್ದೇನೆ.

ಟಿಚ್ ಬಟನ್ ಗಟ್ಟಿಯಾಗಿ ನಿಂತಿದೆ. ದರ್ಜಿ ಅಣ್ಣ ಆರು ಜೊತೆ ಒತ್ತಿ ಕೊಟ್ಟು, ಇದು ಯಾವ ರವಿಕೆಗೆ ಎಂದು ಕೇಳಿದರು. ಹುಳುವಿಗೆ ಎಂದೆ, ದುಡ್ಡು ತೆಗೆದುಕೊಳ್ಳಲಿಲ್ಲ.

ನಿನ್ನೆ ರಾತ್ರಿ ಎರಡು ಗಂಟೆಗೆ ಮೂಲೆಯ ಪಟ್ಟಿ 80 ದಾಟಿತು, ಬಾಗಿಲ ಬಳಿಯದು 68. ಅಪ್ಪನನ್ನು ಎಬ್ಬಿಸಿದೆ. ಅವರು ಬಂದು ಮೂಲೆಯ ಚಂದ್ರಂಕಿಯ ಮೇಲೆ ಅಂಗೈ ಇಟ್ಟು ನೋಡಿದರು, ಏನೂ ಹೇಳದೆ ನಾಲ್ಕು ಚಂದ್ರಂಕಿಗಳನ್ನು ಎತ್ತಿ ಜಗಲಿಗೆ ತಂದಿಟ್ಟರು.

ಚಾಕಿ_ಹಳೆಯತಲೆ

ಅಂಗೈಗೂ ಗೊತ್ತಾಗುತ್ತಿತ್ತು. ಆದರೆ ಅಂಗೈ ಎರಡು ಗಂಟೆಗೆ ಮಲಗಿತ್ತು.

ರೀಲರ್_ಶಿಡ್ಲಘಟ್ಟ

ಗೂಡು ಯಾವತ್ತು ಬಿಡಿಸುತ್ತೀರಿ?

ಹಿಪ್ಪುನೇರಳೆ_ತೋಟ

ಶುಕ್ರವಾರ. ಅಂಕಿ ಬರೆದ ಚೀಟಿಯನ್ನೂ ತರುತ್ತೇನೆ.

ಅಚ್ಚುಮನೆ

ಪಿವಿಸಿ ಬೇಸ್ ಪರೀಕ್ಷೆಗೆಂದು ಒಯ್ದ ನನ್ನ 120ರ ಫ್ರೇಮ್ ಯಾವಾಗ ಬರುತ್ತದೆ? ಮುಂದಿನ ವಾರ ಹನ್ನೊಂದು ಮದುವೆಯ ಪತ್ರಿಕೆ ಇದೆ.

ಹಿಪ್ಪುನೇರಳೆ_ತೋಟ

ಶುಕ್ರವಾರ ಗೂಡಿನ ಜೊತೆ ಅದೂ ಬರುತ್ತದೆ ಅಣ್ಣ. ಉಜ್ಜಿ ಉಜ್ಜಿ ತೊಳೆದಿದ್ದೇನೆ, ಒಂದು ಮೂಲೆಯಲ್ಲಿ ಮಾತ್ರ ಸ್ವಲ್ಪ ಕಪ್ಪು ಉಳಿದಿದೆ.

ಅಚ್ಚುಮನೆ

ಯಾವ ಮೂಲೆ? ಗಣಪತಿ ಬರುವ ಮೂಲೆಯೇ?